ಟಾರ್ಪಾಲಿನೊಳಗೆ ಉಳಿದ ಉಪ್ಪು

ಅಳಿವೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ಮುದಿ ಮರದ ದೋಣಿಯೂ ಹೊಸ ಮೋಟಾರು ದೋಣಿಯೂ ಮಳೆಗಾಲಕ್ಕೆ ದಡ ಸೇರಿದವು. ಒಡತಿ ಗುಲಾಬಕ್ಕ ಬಾವಿಯ ಸಿಹಿನೀರು ಸೇದಿ, ಕಡಲ ಉಪ್ಪೆಲ್ಲ ಹೋಗುವಂತೆ ತೆಂಗಿನ ನಾರಿನಿಂದ ಮುದಿ ದೋಣಿಯ ಮೈ ತಿಕ್ಕಿದಳು. ಒಣಗಿದ ಮೇಲೆ ಎಣ್ಣೆ ಸವರಿ, ಬೋರಲು ಮಲಗಿಸಿ, ಹೆಣೆದ ತೆಂಗಿನ ಗರಿ ಹೊದಿಸಿದಳು.

ಮೋಟಾರು ದೋಣಿ ನಕ್ಕಿತು. "ಅಜ್ಜಿ, ಹೊಟ್ಟೆ ತೋರಿಸಿಕೊಂಡು ಮಲಗಲು ನಾಚಿಕೆಯಿಲ್ಲವೇ? ಗುಲಾಬಕ್ಕ, ನನ್ನನ್ನು ತಿಕ್ಕಿ ಬಣ್ಣ ಕೆಡಿಸಬೇಡಿ. ಟಾರ್ಪಾಲು ಬಿಗಿದುಬಿಡಿ. ಮುಚ್ಚಿದ ಮೇಲೆ ಕೊಳೆ ಯಾರಿಗೆ ಕಾಣುತ್ತದೆ?"

ಮುದಿ ದೋಣಿಗೆ ಮೈಯೆಲ್ಲ ಉರಿಯಿತು. "ಈಗ ನಗು ಮಗಳೇ. ನೂಲಹುಣ್ಣಿಮೆಗೆ ನೋಡೋಣ" ಎಂದಿತು.

ನೂಲಹುಣ್ಣಿಮೆಯಂದು ಜನ ಕಡಲಿಗೆ ತೆಂಗಿನಕಾಯಿ ಅರ್ಪಿಸಿ ದೋಣಿಗಳನ್ನು ಇಳಿಸಿದರು. ಮೋಟಾರು ದೋಣಿಯನ್ನು ತೊಳೆಯದೆ ಬಿಗಿದಿದ್ದ ಟಾರ್ಪಾಲು ಬಿಚ್ಚಿದರೆ ಗಬ್ಬು ವಾಸನೆ. ಆದರೂ ಮೋಟಾರು ದೋಣಿ ಜಂಬದಿಂದ ಮುನ್ನುಗ್ಗಿತು. ತುಕ್ಕು ಹಿಡಿದ ಮೋಟಾರು ಕೆಮ್ಮಿ ಕೆಮ್ಮಿ ನಡುನೀರಲ್ಲಿ ನಿಂತೇಬಿಟ್ಟಿತು.

ಮುದಿ ದೋಣಿ ತುಂಬಾ ಜನರನ್ನು ಕೂರಿಸಿಕೊಂಡು, ಬಾವುಟ ಹಾರಿಸುತ್ತ ಬಂದು ಹಗ್ಗ ಎಸೆಯಿತು. ದಡದಲ್ಲಿ ಕೇಕೆಯೋ ಕೇಕೆ.

"ಒಂದು ಹನಿ ಮಳೆಯೂ ನನ್ನೊಳಗೆ ಬಂದಿರಲಿಲ್ಲ ಅಜ್ಜಿ!"

"ಮಳೆ ಪಾಪ ಹೊರಗೇ ಇತ್ತು. ನೀನು ಕಳ್ಳನನ್ನು ಒಳಗಿಟ್ಟುಕೊಂಡು ಬಾಗಿಲು ಹಾಕಿಸಿದೆ ಮಗಳೇ" ಎಂದು ಮುದಿ ದೋಣಿ ಹಗ್ಗ ಜಗ್ಗಿತು.