ಲಡಿ ಹಿಡಿದ ಕೈ

"ಗುರುಗಳೇ, ತಟ್ಟೆಯಲ್ಲಿ ಅಕ್ಕಿ ಹರಡಿ, ಬೆರಳು ಹಿಡಿದು ನನ್ನ ತಂಗಿಗೆ ಅಕ್ಷರ ತಿದ್ದಿಸಿದವನು ನಾನು. ಈಗ ಅವಳಿಗೆ ಮೂವತ್ತು. ಮಿದುಳು ಸವೆಯುವ ರೋಗ ಬಂದು, ಕಲಿತದ್ದು ಒಂದೊಂದಾಗಿ ಅಳಿಯುತ್ತಿದೆ. ಗುಣವಾಗುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಊರಿಗೆ ಹೋದಾಗಲೆಲ್ಲ ಅವಳ ಮುಂದೆ ಪುಸ್ತಕ ತೆರೆಯುತ್ತೇನೆ. ಅವಳು ಓದಲಾರದೆ ಅಳುತ್ತಾಳೆ. ನಾಳೆ ಉಳಿಯದ್ದನ್ನು ಇಂದು ಏಕೆ ಹೇಳಿಕೊಡಬೇಕು?"

ಶಿಷ್ಯನ ಈ ಪ್ರಶ್ನೆಗೆ ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ಕೇರಿಯಲ್ಲಿ ಮಕ್ಕಳಿಗೆ ಕೆಲಸ ಕಲಿಸುವುದಕ್ಕೆ ಒಂದು ಕ್ರಮವಿತ್ತು. ಮಗು ಮೊದಲು ಎರಡೂ ಕೈ ಚಾಚಿ ನೂಲಿನ ಲಡಿ ಹಿಡಿದು ಕೂರಬೇಕು. ತಾಯಿ ಅದರಿಂದ ನೂಲು ಸುತ್ತಿಕೊಳ್ಳುತ್ತಾಳೆ. ಆಮೇಲೆ ಮಗುವೇ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಬೇಕು. ಆಮೇಲೆ ಹರಿದ ಎಳೆ ಕೂಡಿಸಬೇಕು. ಇಷ್ಟಾದ ಮೇಲೆ ಮಗ್ಗದಲ್ಲಿ ನೇಯಲು ಲಾಳಿ ಕೈಗೆ ಬರುತ್ತದೆ.

ನೇಕಾರನ ಮಗ ಹೀಗೆಯೇ ಕಲಿತು ತಂದೆಯನ್ನು ಮೀರಿಸಿದ. ಮೂವತ್ತೆರಡರಲ್ಲಿ ಅವನಿಗೂ ಇಂಥದೇ ರೋಗ ಬಂತು. ಅಂಚು ತಪ್ಪಿತು, ಸೀರೆ ಕೆಟ್ಟಿತು. ತಂದೆ ಕನಿಕರದಿಂದ ಅವನನ್ನು ಮಗ್ಗದಿಂದ ಎಬ್ಬಿಸಿ, ಇನ್ನು ಸುಮ್ಮನೆ ಕೂತುಕೋ ಎಂದ. ಅಂದು ಮಗ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಮರುದಿನವೂ ಸರಿಸಿದ. ದುಡಿಯದೆ ಉಣ್ಣಬಾರದು ಎಂಬುದೊಂದನ್ನು ಅವನು ಮರೆತಿರಲಿಲ್ಲ.

ಮೂರನೆಯ ದಿನ ತಂದೆಗೆ ತನ್ನ ತಪ್ಪು ತಿಳಿಯಿತು. ಮಗನನ್ನು ಹರಿದ ಎಳೆಗಳ ಮುಂದೆ ಕೂರಿಸಿದ. ಮಗ ಕೂಡಿಸಿದ, ಉಂಡ. ವರ್ಷ ಕಳೆಯುವುದರೊಳಗೆ ಎಳೆ ಕೂಡಿಸುವುದು ಮರೆತುಹೋಯಿತು; ಕಂಡಿಕೆ ಕೊಟ್ಟರು. ಅದೂ ಮರೆತುಹೋಯಿತು, ತಾಯಿ ಲಡಿ ತಂದು ಅವನ ಎರಡು ಕೈಗಳಿಗೆ ಹಾಕಿದಳು. ಕೈ ನಡುಗುತ್ತಿತ್ತು. ಮೊದಮೊದಲು ನೂಲು ಹರಿಯಿತು. ನಲವತ್ತು ವರ್ಷ ಒಂದೇ ಹದದಲ್ಲಿ ಸುತ್ತಿದ ತನ್ನ ಕೈಯನ್ನು ಆ ತಾಯಿ ಮಗನ ನಡುಕಕ್ಕೆ ಹೊಂದಿಸಿಕೊಂಡಳು.

ಸೀರೆ ಕೊಳ್ಳಲು ಬಂದ ವರ್ತಕನೊಬ್ಬ ಇದನ್ನು ನೋಡಿ ನಕ್ಕ.

"ಏನಮ್ಮಾ, ಇಷ್ಟೆತ್ತರದ ಮಗನನ್ನು ಗೂಟ ಮಾಡಿ ಕೂರಿಸಿದ್ದೀಯಲ್ಲ. ಮರದ ಗೂಟವಾಗಿದ್ದರೆ ಅಲುಗಾಡುವುದಾದರೂ ತಪ್ಪುತ್ತಿತ್ತು."

ತಾಯಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೂಟಕ್ಕೆ ಹಸಿವಿಲ್ಲ, ಸಾಹುಕಾರರೇ. ಇವನು ದುಡಿದು ಉಣ್ಣುವವನು."

ವರ್ತಕ ಅವಳು ಸುತ್ತಿದ ನೂಲನ್ನು ಎಳೆದು ನೋಡಿದ. ಹರಿದು ಕೂಡಿಸಿದ ಒಂದು ಗಂಟೂ ಸಿಗಲಿಲ್ಲ. ಅವನು ಹೊಸ್ತಿಲ ಬಳಿ ಕುಳಿತ. ಆ ಲಡಿ ಮುಗಿದು ಮಗ ಊಟಕ್ಕೆ ಏಳುವವರೆಗೂ ವ್ಯಾಪಾರದ ಮಾತೆತ್ತಲಿಲ್ಲ.

ಆ ಮಗ ಗುಣವಾದನೇ ಎಂದು ಶಿಷ್ಯ ಕೇಳಿದ. ಇಲ್ಲ ಎಂದರು ಗುರುಗಳು. ಆಮೇಲೆ ಹೇಳಿದರು:

"ಪುಸ್ತಕ ಎತ್ತಿಡು, ತಟ್ಟೆಯಲ್ಲಿ ಅಕ್ಕಿ ಹರಡು."

ಶಿಷ್ಯ ತನ್ನ ಬೆರಳನ್ನು ನೋಡುತ್ತ ಕುಳಿತ.