ಹೊಳಪಿನ ಮೇಲೆ ಬಣ್ಣ

ಮರುದಿನ ಆಯುಧಪೂಜೆ. ಊರಿನ ಸೈಕಲ್ಲಿನಿಂದ ಹಿಡಿದು ಲಾರಿಯವರೆಗೆ ಎಲ್ಲವೂ ಹೊಳೆಗೆ ಬಂದು ಮೈ ತೊಳೆಸಿಕೊಂಡು ಹೋಗಿದ್ದವು. ರುದ್ರೇಶನ ಕಾರು ಮಾತ್ರ ಮಠದ ಹಿಂದಿನ ಬೇವಿನ ನೆರಳಲ್ಲಿ ನಿಂತೇ ಇತ್ತು.

ರುದ್ರೇಶ ಅದರ ಮೂತಿಯ ಮೇಲೆ ಬಗ್ಗಿದ್ದ. ಕೈಯಲ್ಲಿ ಪುಟ್ಟ ಸೀಸೆ, ಸೀಸೆಯ ಮುಚ್ಚಳಕ್ಕೇ ಅಂಟಿದ ಪುಟ್ಟ ಬ್ರಷ್ಷು. ಗೀರು ಬಿದ್ದ ಕಡೆಯೆಲ್ಲ ಕೆಂಪು ಬಣ್ಣ ಹಚ್ಚುತ್ತಿದ್ದ.

ಅವನ ಗುರು, ಮಠದ ಅಜ್ಜಯ್ಯ, ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತರು.

"ಏನಪ್ಪಾ, ಮದುಮಗಳಿಗೆ ಉಗುರುಬಣ್ಣ ಹಚ್ಚೋ ಹಾಗಿದೆ?"

"ಗೀರು ಮುಚ್ತಿದ್ದೀನಿ ಅಜ್ಜಯ್ಯ. ಗ್ಯಾರೇಜಿಗೆ ಬಿಟ್ಟರೆ ಹಬ್ಬ ಕಳೆದೇಹೋಗುತ್ತೆ. ನಾವೇ ಮಾಡ್ಕೋಬಹುದಂತೆ."

"ಇಷ್ಟೊಂದು ಗೀರು! ಬೆಕ್ಕು ಪರಚಿತೇ?"

"ಅಕ್ಕ."

ಹಾಲಮ್ಮ ರುದ್ರೇಶನ ಅಕ್ಕ. ತಾಯಿ ತಂದೆ ಇಲ್ಲದ ಅವನನ್ನು ಸಾಕಿದವಳೂ ಅವಳೇ. ಹೋದ ವರ್ಷ ಇದೇ ಹಬ್ಬಕ್ಕೆ ತಮ್ಮನ ಹೊಸ ಕಾರು ನೋಡಲು ಬಂದಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು, ದೇವರ ಹಿತ್ತಾಳೆ ದೀಪ ಉಜ್ಜಿ ಬೆಳಗುವ ಹಾಗೆ, ತೆಂಗಿನ ನಾರಿಗೆ ಬೂದಿ ಹಾಕಿಕೊಂಡು ಕಾರನ್ನು ತಿಕ್ಕಿಬಿಟ್ಟಳು. ಫಳಫಳ ಅನ್ನಲಿ ಅಂತ. ಪಾಪ, ಕಾರಿನ ಬಣ್ಣ ಹಿತ್ತಾಳೆಯಲ್ಲ ಅಂತ ಅವಳಿಗೆ ಯಾರು ಹೇಳಿದ್ದರು?

"ನೀನೇನಂದೆ?" ಅಜ್ಜಯ್ಯ ಕೇಳಿದರು.

"ಸ್ವಲ್ಪ ಬೈದೆ."

"ಸ್ವಲ್ಪ ಬೈದಿದ್ದಕ್ಕೇ ಅವಳು ಮತ್ತೆ ನಿನ್ನ ಹೊಸ್ತಿಲು ತುಳಿದಿಲ್ಲವಾ?"

ರುದ್ರೇಶ ಬ್ರಷ್ಷನ್ನು ಸೀಸೆಯೊಳಗೆ ಅದ್ದಿದ.

"ಸೀರೆ ತಗೊಂಡು ಹೋಗಿದ್ದೆ ಅಜ್ಜಯ್ಯ. ಬಾಗಿಲು ತೆಗೀಲಿಲ್ಲ. ಕಿಟಕಿಯಿಂದಲೇ ಸೀರೆ ವಾಪಸ್ ಕೊಟ್ಟಳು. 'ನನಗೇನೂ ಸಿಟ್ಟಿಲ್ಲ ತಮ್ಮಾ, ನೀನು ಚೆನ್ನಾಗಿರು' ಅಂದಳು."

"ಸಿಟ್ಟಿದ್ದಿದ್ದರೆ ಬಾಗಿಲು ತೆಗೆದು ಬೈತಿದ್ದಳು."

"ಅದಕ್ಕೇ ಈ ಬಣ್ಣ ಒಣಗಲಿ, ಕಾರನ್ನೇ ಅವಳ ಬಾಗಿಲಿಗೆ ತಗೊಂಡು ಹೋಗ್ತೀನಿ. ನೋಡು, ಒಂದು ಗೀರೂ ಇಲ್ಲ, ಆದದ್ದು ಆಗಿಹೋಯ್ತು, ಹಬ್ಬಕ್ಕೆ ಬಾ ಅಂತೀನಿ."

ಅಜ್ಜಯ್ಯ ಬಣ್ಣ ಒಣಗುವವರೆಗೆ ಕಾದರು. ಆಮೇಲೆ ಎದ್ದು ಬಂದು, ಉಗುರಿನಿಂದ ಮೆಲ್ಲಗೆ ಕೆರೆದರು. ಬಣ್ಣ ಹಾಲಿನ ಕೆನೆಯ ಹಾಗೆ ಎದ್ದು ಬಂತು.

"ಅಯ್ಯಯ್ಯೋ! ಬೆಳಗ್ಗಿಂದ ಹಚ್ಚಿದ್ದೀನಿ ಅಜ್ಜಯ್ಯ!"

"ಯಾಕೆ ಹಿಡೀಲಿಲ್ಲ?"

"ಮೊದಲು ಉಪ್ಪುಕಾಗದದಲ್ಲಿ ಉಜ್ಜಬೇಕಿತ್ತು. ಗೀರಿನ ಸುತ್ತ ಇರೋ ಹೊಳಪೂ ಹೋಗಬೇಕು. ಹೊಳಪಿನ ಮೇಲೆ ಬಣ್ಣ ನಿಲ್ಲೋದಿಲ್ಲವಂತೆ."

"ಗೊತ್ತಿದ್ದೂ ಉಜ್ಜಲಿಲ್ಲವಾ?"

"ಚೆನ್ನಾಗಿ ಹೊಳೀತಿರೋ ಕಡೆ ಉಜ್ಜೋಕೆ ಮನಸ್ಸು ಬರಲಿಲ್ಲ."

"ಹೂಂ," ಅಂದರು ಅಜ್ಜಯ್ಯ. "ಅಕ್ಕನಿಗೆ ಏನಂತ ಬೈದೆ?"

ರುದ್ರೇಶ ಹೊಳೆಯ ಕಡೆ ನೋಡಿದ. ಸೀಸೆಯ ಮುಚ್ಚಳ ತಿರುವಿದ, ಬಿಚ್ಚಿದ, ಮತ್ತೆ ತಿರುವಿದ.

"ಅಕ್ಕಪಕ್ಕದವರೆಲ್ಲ ಕಾರು ನೋಡೋಕೆ ಬಂದಿದ್ದರು. ಅವರೆದುರಿಗೇ ಅಂದುಬಿಟ್ಟೆ. 'ಪಾತ್ರೆ ತಿಕ್ಕೋಳಿಗೆ ಕಾರಿನ ಬೆಲೆ ಏನು ಗೊತ್ತು' ಅಂತ."

ಮದುವೆ ಛತ್ರದಲ್ಲಿ ಪಾತ್ರೆ ತಿಕ್ಕಿಯೇ ಹಾಲಮ್ಮ ಅವನನ್ನು ಓದಿಸಿದ್ದು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆವತ್ತು ಅವಳು ಬೂದಿಯ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟುಬಿಟ್ಟಳು. ಪೂಜೆಯ ಕುಂಬಳಕಾಯಿ ಇನ್ನೂ ಒಡೆದಿರಲಿಲ್ಲ.

ಅಜ್ಜಯ್ಯ ಕೋಲಿನಿಂದ ದಾಸೋಹದ ಮನೆಯ ಕಡೆ ತೋರಿಸಿದರು. ಅಂಗಳದಲ್ಲಿ ಅನ್ನ ಬೇಯಿಸಿದ ದೊಡ್ಡ ಹಂಡೆ ಮಸಿ ಹಿಡಿದು ಬಿದ್ದಿತ್ತು.

"ಅದನ್ನು ತಿಕ್ಕು."

"ಈಗಲಾ? ಅಜ್ಜಯ್ಯ, ಬಣ್ಣ..."

"ಬಣ್ಣ ಎಲ್ಲಿದೆ?"

ರುದ್ರೇಶ ಅಂಗಿಯ ತೋಳು ಮಡಚಿ ಹಂಡೆಯ ಮುಂದೆ ಕೂತ. ನಾರಿತ್ತು, ಬೂದಿಯಿತ್ತು. ಮೊದಮೊದಲು ಅಂಗಿಗೆ ತಾಗದ ಹಾಗೆ ದೂರದಿಂದ ತಿಕ್ಕಿದ. ಮಸಿ ಜಗ್ಗಲಿಲ್ಲ. ಹತ್ತಿರ ಸರಿದ. ನಾರು ಬೆರಳು ಕೊಯ್ದಿತು, ಕೊಯ್ದ ಕಡೆ ಬೂದಿ ಹೊಕ್ಕು ಚುರುಗುಟ್ಟಿತು. ಹೊತ್ತು ಇಳಿಯುತ್ತಾ ಬಂತು.

ಅರ್ಧಕ್ಕೆ ನಿಲ್ಲಿಸಿ ತನ್ನ ಕೈ ನೋಡಿಕೊಂಡ.

"ಅಜ್ಜಯ್ಯ, ಚಿಕ್ಕವನಿದ್ದಾಗ ಅಕ್ಕ ತಲೆ ಬಾಚೋಕೆ ಬಂದರೆ ಓಡ್ತಿದ್ದೆ. ನಿನ್ನ ಕೈ ಒರಟು, ಚುಚ್ಚುತ್ತೆ ಅಂತಿದ್ದೆ."

"ಅವಳೇನು ಮಾಡ್ತಿದ್ದಳು?"

"ಕೊಬ್ಬರಿ ಎಣ್ಣೆ ಸವರಿಕೊಂಡು ಬರ್ತಿದ್ದಳು. ಈಗ ನೋಡು ತಮ್ಮಾ, ಮೆತ್ತಗಿದೆ ಅಂತಿದ್ದಳು."

ಅಷ್ಟು ಹೇಳಿ ಹಂಡೆಯ ಅಂಚಿಗೆ ಹಣೆ ಇಟ್ಟು ಗಳಗಳ ಅತ್ತ. "ಎಂಥಾ ಮಾತಾಡಿಬಿಟ್ಟೆ ಅಜ್ಜಯ್ಯ! ಈ ನಾಲಿಗೆ ಆವತ್ತೇ ಬಿದ್ದುಹೋಗಬಾರದಿತ್ತಾ!"

ಅಜ್ಜಯ್ಯ ಅವನು ಅಳುವಷ್ಟು ಅಳಲಿ ಅಂತ ಬಿಟ್ಟರು. ಅತ್ತು ಮುಗಿದ ಮೇಲೆ ಅವನೇ ಮತ್ತೆ ನಾರು ಹಿಡಿದ. ಹಂಡೆಯ ಹಿತ್ತಾಳೆ ಕಂಡಾಗ ದನಗಳು ಹೊಳೆಯಿಂದ ಮನೆಗೆ ತಿರುಗಿದ್ದವು.

"ಈಗಲೇ ಹೋಗ್ತೀನಿ ಅಜ್ಜಯ್ಯ."

"ಗೀರು?"

"ಇರಲಿ. ನನ್ನ ಮಾತಿನಷ್ಟು ಆಳ ಇಲ್ಲ ಅದು."

"ಅಕ್ಕನಿಗೆ ಏನಂತೀಯ?"

"ತಿಳೀತಿಲ್ಲ. ತಪ್ಪಾಯ್ತು ಅಂದರೆ ಸಾಲುತ್ತಾ? ಈ ಸಲವೂ ಬಾಗಿಲು ತೆಗೀದಿದ್ದರೆ?"

ಅಜ್ಜಯ್ಯ ಅವನ ಕಡೆ ನೋಡಿದರು. ರುದ್ರೇಶನ ಕೈ ಮಣಿಕಟ್ಟಿನವರೆಗೆ ಕಪ್ಪಾಗಿತ್ತು. ಬೆರಳ ಸಂದಿಯಲ್ಲಿ ಬೂದಿ, ಬೂದಿಯಲ್ಲಿ ರಕ್ತ.

"ಕೈ ತೊಳ್ಕೊಂಡು ಹೊರಡ್ತೀನಿ," ಅಂತ ಅವನು ಹೊಳೆಯ ಕಡೆ ಹೆಜ್ಜೆ ಹಾಕಿದ.

"ತೊಳೀಬೇಡಪ್ಪಾ," ಅಂದರು ಅಜ್ಜಯ್ಯ. "ಕಿಟಕಿ ತೆಗೆದಾಗ ಅಕ್ಕ ಮೊದಲು ಆ ಕೈ ನೋಡಲಿ."