ಒದ್ದೆ ಸೀರೆ, ಬಿಸಿ ಪ್ರೆಸ್ಸು

ಹೊಳೆಯ ದಡದ ಆ ಆಶ್ರಮದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕೋಣೆಯೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ನಿಂಬೆವ್ವ. ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದವಳು ಶಿವಲೀಲಾ.

ಆಶ್ರಮ ಕಟ್ಟಿದ ಅಜ್ಜನದು ಒಂದೇ ಒಂದು ದೊಡ್ಡ ಫೋಟೋ ಉಳಿದಿತ್ತು. ನಾಲ್ಕು ಅಡಿ ಎತ್ತರದ್ದು. ನೆಗೆಟಿವ್ ಎಂದೋ ಕಳೆದುಹೋಗಿತ್ತು. ಕಾಗದ ಸುರುಳಿ ಸುತ್ತಿಕೊಳ್ಳುತ್ತಿತ್ತು, ಅಂಚು ಬಿರಿಯತೊಡಗಿತ್ತು. ಅಜ್ಜನ ಪುಣ್ಯತಿಥಿಗೆ ಎಂಟು ದಿನ ಇತ್ತು. ಅಷ್ಟರೊಳಗೆ ಅದನ್ನು ದಪ್ಪ ರಟ್ಟಿಗೆ ಅಂಟಿಸಿ, ಕಟ್ಟು ಹಾಕಿ, ಗದ್ದಿಗೆಯ ಮೇಲೆ ಇಡಬೇಕಿತ್ತು.

ರಟ್ಟಿನ ಮೇಲೆ ಅಂಟಿನ ಹಾಳೆ, ಅದರ ಮೇಲೆ ಫೋಟೋ. ಮೂರನ್ನೂ ಕೂಡಿಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಅಂಟು ಕರಗಿ ಹಿಡಿಯುತ್ತದೆ. ಒಮ್ಮೆ ಹಿಡಿದದ್ದನ್ನು ಬಿಡಿಸಲು ಬರುವುದಿಲ್ಲ.

"ನಾ ಮಾಡ್ತೀನ್ರಿ ಅವ್ವಾ," ಎಂದಳು ಶಿವಲೀಲಾ.

"ಕೆಟ್ಟರ?"

"ಕೆಡೂದಿಲ್ರಿ."

"ಮೊದಲು ಬ್ಯಾರೆ ಹಳೇ ಫೋಟೋ ಅಂಟಿಸಿ ತೋರಿಸು."

ಅಜ್ಜನ ಫೋಟೋ ಮುಟ್ಟುವವರಿಗೆ ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಹೊಳೆಯಲ್ಲಿ ಮುಳುಗೆದ್ದು, ಉಟ್ಟ ಒದ್ದೆ ಬಟ್ಟೆಯಲ್ಲೇ ಬರಬೇಕು. ಕೂರುವ ಜಾಗವನ್ನೂ ಹೊಳೆಯ ನೀರಿನಿಂದ ತೊಳೆದಿರಬೇಕು. ಅದೇ ಮಡಿ.

ಶಿವಲೀಲಾ ಹಳೆಯ ಫೋಟೋಗಳಿಗೂ ಅದೇ ಮಡಿ ಹಿಡಿದಳು. ರೂಢಿಯಾಗಲಿ ಎಂದುಕೊಂಡಳು.

ಮೊದಲನೆಯದು ಪ್ರೆಸ್ಸಿನಿಂದ ಹೊರಬಂದಾಗ ಮೈಮೇಲೆ ಗುಳ್ಳೆ ಎದ್ದಿತ್ತು.

"ಬಿಸಿ ಕಡಿಮಿ ಆತೇನ್ರಿ?"

"ಹೆಚ್ಚು ಮಾಡಿ ನೋಡು," ಎಂದಳು ನಿಂಬೆವ್ವ.

ಬಿಸಿ ಹೆಚ್ಚಿಸಿದಳು. ಗುಳ್ಳೆ ಹೆಚ್ಚಾದವು.

"ಒತ್ತು ಸಾಲಲಿಲ್ಲೇನ್ರಿ?"

"ಒತ್ತಿ ನೋಡು."

ಪ್ರೆಸ್ಸಿನ ತಿರುಪು ಬಿಗಿ ಮಾಡಿದಳು. ಗುಳ್ಳೆ ಹೋಗಲಿಲ್ಲ. ನಾಲ್ಕನೆಯದನ್ನು ಎರಡು ಪಟ್ಟು ಹೊತ್ತು ಒಳಗಿಟ್ಟಳು. ಅದೂ ಹಾಗೇ ಬಂತು.

ತನ್ನ ಮಡಿಯಲ್ಲೇ ಏನೋ ಕೊರತೆ ಇದೆ ಎಂದು ಅವಳಿಗೆ ಅನಿಸಿತು. ಮರುದಿನ ಮೂರು ಮುಳುಗು ಹೆಚ್ಚು ಹಾಕಿದಳು. ಕೋಣೆಯ ನೆಲಕ್ಕೆ ಇನ್ನೂ ಎರಡು ಕೊಡ ನೀರು ಸುರಿದಳು.

ಪೂಜೆಯ ಕರಬಸಯ್ಯ ಬಾಗಿಲಲ್ಲಿ ನಿಂತು ಇಣುಕಿದ.

"ಏನವಾ, ಅಜ್ಜಗ ಮೈತುಂಬ ಸಿಡುಬು ಏಳಸ್ತೀಯೇನು?"

"ನಿಮ್ಮ ಹೋಳಿಗಿ ಉಬ್ಬಿದ್ರ ಚಂದ ಅಂತೀರಿ, ನನ್ನ ಫೋಟೋ ಉಬ್ಬಿದ್ರ ನಗ್ತೀರಿ," ಎಂದಳು ಶಿವಲೀಲಾ. ಅವನು ಹೋದ ಮೇಲೆ ಕಣ್ಣೊರೆಸಿಕೊಂಡಳು.

ನಿಂಬೆವ್ವ ಒಂದು ಬಟ್ಟಲು ಚುರುಮುರಿ ತಂದು, ಇನ್ನೂ ಅಂಟಿಸದ ರಟ್ಟುಗಳ ಪಕ್ಕ ಇಟ್ಟಳು. ಆಗಷ್ಟೇ ಹುರಿದದ್ದು. ಮುಟ್ಟಿದರೆ ಗರಗರ ಅನ್ನುತ್ತಿತ್ತು.

"ಮಧ್ಯಾಹ್ನ ತಿನ್ನು. ಈಗ ಬ್ಯಾಡ."

ಮಧ್ಯಾಹ್ನ ಶಿವಲೀಲಾ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

"ಮೆತ್ತಗಾಗ್ಯಾವ್ರಿ ಅವ್ವಾ."

"ಹಂಗಾರ ಒಳಗ ಯಾರೋ ಬಂದಾರ."

"ಯಾರೂ ಬಂದಿಲ್ರಿ. ನಾ ಒಬ್ಬಾಕೀನ ಇದ್ದೆ."

ನಿಂಬೆವ್ವ ಬಗ್ಗಿ ಶಿಷ್ಯೆಯ ಸೀರೆಯ ಅಂಚು ಹಿಡಿದು ಹಿಂಡಿದಳು. ನೀರು ನೆಲಕ್ಕೆ ಬಿತ್ತು. ನೆಲ ಮೊದಲೇ ಒದ್ದೆ ಇತ್ತು. ಆ ನೆಲದ ಮೇಲೆ, ಗೋಡೆಗೆ ಒರಗಿ, ರಟ್ಟುಗಳು ನಿಂತಿದ್ದವು.

"ಬಂದಾಳ ನೋಡು. ಹೊಳಿ ಬಂದಾಳ."

ಶಿವಲೀಲಾ ರಟ್ಟನ್ನು ಕೆನ್ನೆಗೆ ಒತ್ತಿ ನೋಡಿದಳು. ತಣ್ಣಗಿತ್ತು. ಆದರೂ ಸೋಲಲು ಮನಸ್ಸಿಲ್ಲ.

"ಪ್ರೆಸ್ಸು ಕೆಂಡದಂಗ ಕಾದಿರತೈತಲ್ರಿ. ನೀರಿದ್ರ ಅಲ್ಲೇ ಒಣಗಬೇಕಲ್ಲ?"

ನಿಂಬೆವ್ವ ಒಲೆ ಹೊತ್ತಿಸಿದಳು. ಮೆತ್ತಗಾದ ಚುರುಮುರಿಯಲ್ಲಿ ಅರ್ಧವನ್ನು ಬೋಗುಣಿಗೆ ಹಾಕಿ, ಮುಚ್ಚಳ ಮುಚ್ಚಿ, ಒಲೆಯ ಮೇಲೆ ಇಟ್ಟಳು. ಸ್ವಲ್ಪ ಹೊತ್ತಿಗೆ ಮುಚ್ಚಳ ಎತ್ತಿದಳು. ಮುಚ್ಚಳದ ಒಳಗೆಲ್ಲ ಹನಿ. ಚುರುಮುರಿ ಇನ್ನಷ್ಟು ಮುದ್ದೆಯಾಗಿತ್ತು.

ಉಳಿದರ್ಧವನ್ನು ಮುಚ್ಚದೆ ಬಿಸಿ ಮಾಡಿದಳು. ಅದು ಗರಗರ ಆಯಿತು. ಅದನ್ನು ತಾನೇ ತಿಂದಳು.

ಶಿವಲೀಲಾ ಮುಚ್ಚಳದ ಹನಿಯನ್ನು ಬೆರಳಿನಿಂದ ಒರೆಸಿ, ಮುಚ್ಚಿದ್ದ ಪ್ರೆಸ್ಸಿನ ಕಡೆ ನೋಡಿದಳು.

ಮರುದಿನ ಜಳಕ ಮಾಡಿ ಬಂದು ಬಿಸಿಲಿಗೆ ಕುಳಿತಳು. ಕೂದಲು ಪೂರ್ತಿ ಒಣಗಿದ ಮೇಲೆ ಒಣ ಸೀರೆ ಉಟ್ಟಳು. ನೆಲ ತೊಳೆಯಲಿಲ್ಲ, ಗುಡಿಸಿದಳಷ್ಟೆ. ಬಾಗಿಲು ಮುಚ್ಚಿದಳು.

"ಅವ್ವಾ, ಮಡಿ ಇಲ್ದ ಮುಟ್ಟಿದ್ರ ಅಜ್ಜ ಸಿಟ್ಟಾಗ್ತಾರೇನ್ರಿ?"

"ನನಗ ಯಾಕ ಕೇಳ್ತಿ? ಎದುರಿಗೇ ಅದಾರ."

ಶಿವಲೀಲಾ ಫೋಟೋ ಬಿಚ್ಚಿ ಹಾಸಿದಳು. ಅಜ್ಜ ನಗುತ್ತಲೂ ಇರಲಿಲ್ಲ, ಸಿಟ್ಟಾಗಿಯೂ ಇರಲಿಲ್ಲ.

ಮೊದಲು ಬರಿಯ ರಟ್ಟನ್ನು ಪ್ರೆಸ್ಸಿನಲ್ಲಿ ಒತ್ತಿದಳು. ತೆರೆದಳು. ಹಬೆ ಸಣ್ಣಗೆ ಹೊರಟಿತು. ಮತ್ತೆ ಒತ್ತಿದಳು, ಮತ್ತೆ ತೆರೆದಳು. ಹಬೆ ನಿಲ್ಲುವವರೆಗೂ ಹಾಗೆ ಮಾಡಿದಳು. ಆಮೇಲೆ ಫೋಟೋವನ್ನು ಒಂದು ಒಣ ಹಾಳೆಯ ಕೆಳಗಿಟ್ಟು, ಹಾಗೇ ಒತ್ತಿ ತೆರೆದು, ಅದರ ತೇವವನ್ನೂ ಬಿಡಿಸಿದಳು. ಅಂಟಿನ ಹಾಳೆ ತೆಗೆದದ್ದು ಅದಾದ ಮೇಲೆ.

ಪ್ರೆಸ್ಸು ಎರಡಡಿಯದು, ಅಜ್ಜ ನಾಲ್ಕಡಿ. ಎದೆಯ ಹತ್ತಿರ ಮೊದಲು ಒತ್ತಿದಳು. ಅಲ್ಲಿಂದ ತಲೆಯ ಕಡೆಗೆ, ಆಮೇಲೆ ಪಾದದ ಕಡೆಗೆ ಸರಿಸುತ್ತ ಹೋದಳು, ಗಾಳಿ ಅಂಚಿನಿಂದ ಹೊರಗೆ ಹೋಗಲಿ ಎಂದು. ಕೊನೆಗೆ ಮೇಲೆ ಚಪ್ಪಡಿ ಹೇರಿ ಆರಲು ಬಿಟ್ಟಳು.

ಆರಿದ ಮೇಲೆ ರಟ್ಟಿನ ಮೂಲೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿದಳು. ಫೋಟೋ ಎಲ್ಲಿಯೂ ಏಳಲಿಲ್ಲ.

ಪುಣ್ಯತಿಥಿಯ ಬೆಳಿಗ್ಗೆ, ಗಾಜಿಲ್ಲದ ಕಟ್ಟು ಹಾಕಿದ್ದ ಚಿತ್ರ ಒಯ್ಯಲು ಕರಬಸಯ್ಯ ಬಂದ. ಅವನ ಧೋತರದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಡೀಲೆ ಮಾಡೀದಿ, ಹೌದಲ್ಲವಾ?"

ಶಿವಲೀಲಾ ನಿಂಬೆವ್ವನ ಕಡೆ ನೋಡಿದಳು. ನಿಂಬೆವ್ವ ಮೊಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಇಲ್ರಿ," ಎಂದಳು ಶಿವಲೀಲಾ. "ಜಳಕ ಮಾಡೀನಿ. ಆದ್ರ ಒಣಾ ಸೀರಿ ಉಟ್ಟಿದ್ದೆ. ನೆಲಾನೂ ತೊಳದಿಲ್ಲ."

"ಹಂಗಾದ್ರ ಇದು ಗದ್ದಿಗಿ ಏರೂದಿಲ್ಲ."

"ಇನ್ನೊಂದು ಇಲ್ಲರೀ ಅಯ್ಯಾರ."

"ಅದನ್ನ ಮೊದಲ ವಿಚಾರ ಮಾಡಬೇಕಿತ್ತು."

ನಿಂಬೆವ್ವ ಎದ್ದು, ಮೂಲೆಯಲ್ಲಿದ್ದ ನಾಲ್ಕು ರಟ್ಟುಗಳನ್ನು ತಂದು ಅವನ ಮುಂದೆ ಹಾಸಿದಳು.

"ಇವು ನಾಲ್ಕೂ ಮಡೀಲೆ ಮಾಡಿದ್ದು. ಕೈ ಆಡಸು."

ಕರಬಸಯ್ಯ ಕೈ ಆಡಿಸಿದ. ಬೆರಳ ಕೆಳಗೆ ಗುಳ್ಳೆಗಳು ಚಟಚಟ ಅಂದವು.

"ಇನ್ನ ಇದಕ್ಕ ಆಡಸು."

ಅವನು ಧೋತರದ ಒಣ ಮೂಲೆ ಹುಡುಕಿ ಕೈ ಒರೆಸಿಕೊಂಡ. ಅಜ್ಜನ ಹಣೆಯಿಂದ ಪಾದದವರೆಗೆ ಅಂಗೈ ಇಳಿಸಿದ. ಎಲ್ಲಿಯೂ ತಡೆಯಲಿಲ್ಲ. ಪಾದದ ಹತ್ತಿರ ಕೈ ನಿಂತಿತು.

"ಹಂಗಾರ ಹೊಳಿ ಬ್ಯಾಡ ಅಂತೀರೇನ್ರಿ ಅವ್ವಾ?"

ನಿಂಬೆವ್ವ ಚಿತ್ರದ ಒಂದು ತುದಿಗೆ ಕೈ ಹಾಕಿದಳು.

"ಹೊಳಿ ಹೊಳ್ಯಾಗ ಇರ್ಲಿ, ಕರಬಸಯ್ಯ. ನೀ ಆ ತುದಿ ಹಿಡಿ."